ಎತ್ತಬೇಡಿ ಎಂದ ಕೈಗೆ ಹುಟ್ಟು ಕೊಟ್ಟವರು

ಸ್ತನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಹೆಂಗಸರಿಗೆ ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಒಂದು ಬುದ್ಧಿಮಾತು ತಪ್ಪದೆ ಸಿಗುತ್ತಿತ್ತು: ‘ಆ ಕಡೆಯ ಕೈಯಲ್ಲಿ ಭಾರ ಎತ್ತಬೇಡಿ.’ ನೀರಿನ ಕೊಡ ಬೇಡ, ತರಕಾರಿ ಚೀಲ ಬೇಡ, ಸೊಂಟದ ಮೇಲೆ ಮಗುವೂ ಬೇಡ. ಭಾರವೆಂದರೆ ಎಷ್ಟು ಎಂದು ಕೇಳಿದರೆ ಒಬ್ಬರು ಎರಡು ಕೆಜಿ ಅನ್ನುವರು, ಇನ್ನೊಬ್ಬರು ಐದು ಅನ್ನುವರು. ಎಷ್ಟು ದಿನ ಎಂಬುದಕ್ಕೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ, ಬದುಕಿರುವವರೆಗೆ. ಸೋಜಿಗವೆಂದರೆ ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಿ ಹೇಳಿದ್ದಲ್ಲ. ಹೀಗಾದರೆ ಏನು ಗತಿ ಎಂಬ ಅಂಜಿಕೆ ಮೊದಲು ಬಂತು. ಗುರುವಿನಿಂದ ಶಿಷ್ಯನಿಗೆ ದಾಟುತ್ತ ದಾಟುತ್ತ ಅದೇ ನಿಯಮವಾಯಿತು. ಆ ನಿಯಮಕ್ಕೆ ಮೊದಲ ಪೆಟ್ಟು ಬಿದ್ದದ್ದು ಕೆನಡಾದ ವ್ಯಾಂಕೂವರಿನಲ್ಲಿ, ಒಂದು ಉದ್ದನೆಯ ದೋಣಿಯ ಮೇಲೆ.

ಅಂಜಿಕೆಗೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. ರಕ್ತನಾಳಗಳಿಂದ ಜಿನುಗಿದ ನೀರಿನಂಶವನ್ನು ವಾಪಸು ಒಯ್ಯಲು ಮೈಯಲ್ಲಿ ಬೇರೆಯೇ ಒಂದು ನಾಳಗಳ ಜಾಲವಿದೆ, ಗದ್ದೆಗೆ ಬಸಿಗಾಲುವೆ ಇದ್ದ ಹಾಗೆ. ಅದರಲ್ಲಿ ಹರಿಯುವುದು ದುಗ್ಧರಸ. ಕೈಯ ದುಗ್ಧರಸದ ಬಹುಪಾಲು ಕಂಕುಳಿನ ಗ್ರಂಥಿಗಳನ್ನು ಹಾದೇ ಮೇಲೆ ಹೋಗಬೇಕು. ಸ್ತನದ ಕ್ಯಾನ್ಸರ್ ಹೊರಗೆ ಕಾಲಿಟ್ಟರೆ ಸಾಮಾನ್ಯವಾಗಿ ಮೊದಲು ಹೊಗುವುದೂ ಇದೇ ಗ್ರಂಥಿಗಳಿಗೆ. ಹಾಗಾಗಿ ಸರ್ಜನ್ನರು ಅವನ್ನೂ ಕಿತ್ತು ತೆಗೆಯುತ್ತಿದ್ದರು, ಉಳಿದಲ್ಲಿಗೆ ರೇಡಿಯೇಷನ್ ಕೊಡುತ್ತಿದ್ದರು. ದಾರಿ ಕಡಿದ ಮೇಲೆ ರಸ ಕೈಯಲ್ಲೇ ನಿಲ್ಲುತ್ತದೆ. ಕೆಲವರಿಗೆ ಕೆಲವೇ ತಿಂಗಳಲ್ಲಿ, ಕೆಲವರಿಗೆ ಎಷ್ಟೋ ವರ್ಷ ಕಳೆದ ಮೇಲೆ ಕೈ ಬಾತುಕೊಳ್ಳುತ್ತದೆ. ಬಳೆ ಏರುವುದಿಲ್ಲ, ರವಿಕೆಯ ತೋಳು ಹಿಡಿಯುವುದಿಲ್ಲ. ಚಿಕ್ಕ ತರಚು ಗಾಯಕ್ಕೂ ಸೋಂಕು ಹತ್ತಿ ಜ್ವರ ಬರುತ್ತದೆ. ಒಮ್ಮೆ ಊತ ನೆಲೆ ನಿಂತರೆ ಪೂರ್ತಿ ಇಳಿಯುವುದು ಕಷ್ಟ.

ಸ್ತನ, ಅದರಡಿಯ ಎದೆಯ ಮಾಂಸಖಂಡ, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೇ ತೆಗೆಯುವ ಭಾರೀ ಶಸ್ತ್ರಚಿಕಿತ್ಸೆಯನ್ನು 19ನೇ ಶತಮಾನದ ಕೊನೆಯಲ್ಲಿ ಬಳಕೆಗೆ ತಂದವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್. ತಾವೇ ಹುಟ್ಟುಹಾಕಿದ ಆಪರೇಷನ್ನಿನ ಈ ಅಡ್ಡ ಫಲದ ಬಗ್ಗೆ 1921ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮೊದಲು, ಅವರೇ ಬರೆದರು. ಬಾತ ಕೈಗೆ ಅವರು ಕೊಟ್ಟ ಹೆಸರು ‘ಶಸ್ತ್ರಚಿಕಿತ್ಸೆಯ ಆನೆಕಾಲು’. ನಮ್ಮ ಕರಾವಳಿಯವರಿಗೆ, ಕಲಬುರಗಿ, ಯಾದಗಿರಿ ಕಡೆಯವರಿಗೆ ಆನೆಕಾಲು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಸೊಳ್ಳೆ ತಂದ ಹುಳು ಹಾಳು ಮಾಡುವ ನಾಳಗಳನ್ನೇ ಇಲ್ಲಿ ಸರ್ಜನ್ನರ ಚಾಕು ಕಡಿಯುತ್ತಿತ್ತು.

ಇಲ್ಲಿಂದ ಮುಂದಿನ ತರ್ಕ ಕೇಳಲು ಬಹಳ ಅಚ್ಚುಕಟ್ಟು. ಕೈಗೆ ಕೆಲಸ ಕೊಟ್ಟರೆ ರಕ್ತದ ಹರಿವು ಹೆಚ್ಚುತ್ತದೆ, ಹರಿವು ಹೆಚ್ಚಿದರೆ ಜಿನುಗುವ ನೀರೂ ಹೆಚ್ಚು, ಬಸಿಯುವ ದಾರಿಯೋ ಅರ್ಧ ಮುಚ್ಚಿದೆ. ಆದ್ದರಿಂದ ಕೆಲಸ ಕೊಡಬೇಡಿ. ತೋಳು ಬಿಗಿಯದಿರಲಿ ಎಂದು ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮಕ್ಕೆ ಮಾತ್ರ ಅನುಮತಿ ಇತ್ತು. ಈ ತರ್ಕದಲ್ಲಿ ಎರಡು ಸಂಗತಿ ಬಿಟ್ಟುಹೋಗಿದ್ದವು. ದುಗ್ಧರಸವನ್ನು ಮೇಲಕ್ಕೆ ತಳ್ಳುವುದರಲ್ಲಿ ಮಾಂಸಖಂಡಗಳ ಬಿಗಿತ ಸಡಿಲಿಕೆಗೆ ದೊಡ್ಡ ಪಾಲಿದೆ ಎಂಬುದು ಒಂದು. ವರ್ಷಗಟ್ಟಲೆ ಸುಮ್ಮನಿಟ್ಟ ಕೈ ಸೊರಗುತ್ತದೆ ಎಂಬುದು ಇನ್ನೊಂದು. ಸೊರಗಿದ ಕೈಗೆ, ಬಸ್ಸಿನಲ್ಲಿ ಜೋಲಿ ತಪ್ಪಿದಾಗ ಕಂಬಿ ಹಿಡಿದದ್ದೇ ಅತಿಭಾರವಾಗಿಬಿಡಬಹುದು. ನಿಷೇಧ ತಪ್ಪಿಸಬೇಕೆಂದಿದ್ದ ಪೆಟ್ಟನ್ನು ನಿಷೇಧವೇ ಕರೆತಂದಂತೆ.

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡಾನ್ ಮೆಕೆಂಜಿ ಕ್ರೀಡಾವೈದ್ಯರು, ವ್ಯಾಯಾಮದಲ್ಲಿ ಮೈ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅಭ್ಯಾಸ ಮಾಡಿದವರು. ಕ್ಯಾನ್ಸರ್ ಅವರ ಕ್ಷೇತ್ರವಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ಕ್ಯಾನ್ಸರ್ ವಿಭಾಗದಲ್ಲಿ ಬೆಳೆದವರಿಗೆ ಪ್ರಶ್ನೆಯೇ ಅಲ್ಲದ್ದು ಹೊರಗಿನಿಂದ ಬಂದವರಿಗೆ ಪ್ರಶ್ನೆಯಾಗಿ ಕಂಡಿತು: ಹಂತ ಹಂತವಾಗಿ ತಯಾರು ಮಾಡಿದರೆ ಈ ಕೈ ಏಕೆ ದುಡಿಯಬಾರದು? ಉತ್ತರ ಬೇಕಾದರೆ ಕೈಗೆ ನಿಜವಾಗಿಯೂ ಕಠಿಣವಾದ ಕೆಲಸವೇ ಬೇಕಿತ್ತು. ಅವರು ಆರಿಸಿದ್ದು ಡ್ರ್ಯಾಗನ್ ದೋಣಿ.

ಇದು ಚೀನಾದವರ ಹಳೆಯ ಹಬ್ಬದ ದೋಣಿ. ನದಿಗೆ ಬಿದ್ದು ಪ್ರಾಣಬಿಟ್ಟ ಚೂ ಯುವಾನ್ ಎಂಬ ಕವಿಯ ನೆನಪಿಗೆ ಅಲ್ಲಿನ ಪಂಚಾಂಗದ ಐದನೇ ತಿಂಗಳ ಐದನೇ ದಿನ ನಡೆಯುವ ಸ್ಪರ್ಧೆ. 1986ರ ಎಕ್ಸ್‌ಪೋ ಮೇಳದ ಹೊತ್ತಿಗೆ ವ್ಯಾಂಕೂವರಿಗೂ ಬಂತು. ಇಬ್ಬಿಬ್ಬರಂತೆ ಹತ್ತು ಸಾಲು, ಇಪ್ಪತ್ತು ಜನ. ಮುಂದೆ ಡೋಲು ಬಾರಿಸುವವರೊಬ್ಬರು, ಹಿಂದೆ ಚುಕ್ಕಾಣಿ ಹಿಡಿದವರೊಬ್ಬರು. ಡೋಲಿನ ಲಯಕ್ಕೆ ಎಲ್ಲರ ಹುಟ್ಟೂ ಒಟ್ಟಿಗೇ ನೀರಿಗಿಳಿಯಬೇಕು, ಒಟ್ಟಿಗೇ ಏಳಬೇಕು. ತೋಳು, ಭುಜ, ಬೆನ್ನು ಎಲ್ಲಕ್ಕೂ ಕೆಲಸ. ಅದೂ ಒಂದೇ ಚಲನೆ, ಮತ್ತೆ ಮತ್ತೆ. ಹೆಂಗಸರಿಗೆ ‘ಮಾಡಲೇಬೇಡಿ’ ಎಂದಿದ್ದು ಇಂಥದ್ದನ್ನೇ.

1996ರ ಆರಂಭದಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ 24 ಹೆಂಗಸರು ಮುಂದೆ ಬಂದರು. ಸೀದಾ ದೋಣಿಗೆ ಹತ್ತಿಸಲಿಲ್ಲ. ಮೊದಲು ಜಿಮ್ಮಿನಲ್ಲಿ ಮೈ ಹದ ಮಾಡುವ ಕೆಲಸ: ಮೈ ಸಡಿಲಿಸುವುದು, ದಮ್ಮು ಕಟ್ಟುವುದು, ಕಡಿಮೆ ಭಾರದಿಂದ ಶುರು ಮಾಡಿ ತೋಳು ಬಲಪಡಿಸುವುದು. ತೋಳಿನ ಸುತ್ತಳತೆಯ ಮೇಲೆ ಕಣ್ಣಿಟ್ಟಿದ್ದರು. ಆಮೇಲೆ ವ್ಯಾಂಕೂವರಿನ ಫಾಲ್ಸ್ ಕ್ರೀಕ್ ಎಂಬ ಸಮುದ್ರದ ಕೊಲ್ಲಿಯಲ್ಲಿ ಹುಟ್ಟು ಹಾಕುವ ಅಭ್ಯಾಸ. ಜೂನ್ ತಿಂಗಳ ಡ್ರ್ಯಾಗನ್ ದೋಣಿ ಹಬ್ಬದಲ್ಲಿ ‘ಅಬ್ರೆಸ್ಟ್ ಇನ್ ಎ ಬೋಟ್’ ಎಂಬ ಹೆಸರಿನ ಈ ತಂಡ ಇತರರ ಜೊತೆ ಸ್ಪರ್ಧೆಗಿಳಿಯಿತು. ಋತು ಮುಗಿದಾಗ ಲೆಕ್ಕ ಹೀಗಿತ್ತು: ಹೊಸದಾಗಿ ಒಬ್ಬರ ಕೈಯೂ ಬಾತಿರಲಿಲ್ಲ, ಮೊದಲೇ ಊತವಿದ್ದವರ ಊತ ಹೆಚ್ಚಿರಲಿಲ್ಲ. ಮೆಕೆಂಜಿ ಇದನ್ನು 1998ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಹೆಂಗಸರಂತೂ ಪ್ರಯೋಗ ಮುಗಿಯಿತೆಂದು ದೋಣಿ ಬಿಡಲಿಲ್ಲ. ಇವತ್ತು ಹಲವು ದೇಶಗಳಲ್ಲಿ ಇಂಥ ನೂರಾರು ತಂಡಗಳಿವೆ, ಅವಕ್ಕೊಂದು ಅಂತಾರಾಷ್ಟ್ರೀಯ ಮಂಡಳಿಯೂ ಇದೆ.

ಇದನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುವವರು ಬಹಳ. ಆದರೆ ವಿಜ್ಞಾನದ ಲೆಕ್ಕದಲ್ಲಿ ಇದು ಸಾಬೀತಲ್ಲ. 24 ಜನ ತೀರಾ ಕಡಿಮೆ. ತಾವಾಗಿ ಮುಂದೆ ಬಂದವರು ಮೊದಲೇ ಗಟ್ಟಿಗಿತ್ತಿಯರಿರಬಹುದು. ಹುಟ್ಟು ಹಾಕದೆ ಮನೆಯಲ್ಲಿದ್ದವರ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಇದು ಮೆಕೆಂಜಿಯವರಿಗೂ ಗೊತ್ತಿತ್ತು. ದೋಣಿ ಮಾಡಿದ್ದು ಒಂದೇ ಕೆಲಸ, ನಿಯಮದ ಮೇಲೆ ಅನುಮಾನ ಹುಟ್ಟಿಸಿತು. ಅದೇ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಪ್ರಾಧ್ಯಾಪಕಿ ಸೂಸನ್ ಹ್ಯಾರಿಸ್, ತಾವೂ ಸ್ತನ ಕ್ಯಾನ್ಸರ್ ಗೆದ್ದವರು, ದೋಣಿಯವರ ತೋಳುಗಳ ಅಳತೆಯನ್ನು 2000ದಲ್ಲಿ ಪ್ರಕಟಿಸಿದರು. 2003ರಲ್ಲಿ ಮೆಕೆಂಜಿ ಈಗಾಗಲೇ ಊತವಿದ್ದ 14 ಹೆಂಗಸರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಕೈಗೆ ವ್ಯಾಯಾಮ ಕೊಟ್ಟವರ ಊತ ಹೆಚ್ಚಲಿಲ್ಲ. ಸಂಖ್ಯೆ ಇನ್ನೂ ಸಣ್ಣದೇ, ಆದರೆ ದಾರಿ ಸರಿಯಾಗಿತ್ತು.

ಅಷ್ಟರಲ್ಲಿ ಬೇರೆ ಕಡೆಗಳಲ್ಲಿ ಇನ್ನೊಂದು ನಿಯಮ ಅಲುಗಾಡತೊಡಗಿತ್ತು. ಕ್ಯಾನ್ಸರ್ ರೋಗಿಗೆ ಸುಸ್ತೇ? ಮಲಗಿರಿ. ಇದು ಎಲ್ಲ ಕಾಯಿಲೆಗೂ ಹಿಂದೆ ಕೊಡುತ್ತಿದ್ದ ಸಲಹೆ. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡದ ಕಾಲವೊಂದಿತ್ತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥ ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ಕ್ರಾಂತಿಯಾಯಿತು. ಕ್ಯಾನ್ಸರ್ ವಾರ್ಡಿಗೆ ಆ ಗಾಳಿ ಬೀಸಲು ಇನ್ನೂ ಮೂರು ದಶಕ ಬೇಕಾಯಿತು. 1980ರ ದಶಕದಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಸಂಶೋಧಕಿ ಮೇರಿಲ್ ವಿನ್ನಿಂಗ್‌ಹ್ಯಾಮ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದವರನ್ನು ವಾರಕ್ಕೆ ಮೂರು ಸಲ, ಹತ್ತು ವಾರ, ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಕೂರಿಸಿದರು. ಅವರ ದಮ್ಮು ಹೆಚ್ಚಿತು, ವಾಕರಿಕೆ ತಗ್ಗಿತು. ಜರ್ಮನಿಯ ಫ್ರೈಬರ್ಗಿನಲ್ಲಿ ಫೆರ್ನಾಂಡೊ ಡಿಮಿಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭಾರೀ ಪ್ರಮಾಣದ ಕೀಮೋ ಪಡೆದು, ಆಕರ ಕೋಶಗಳ ಕಸಿ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದವರಿಗೆ, ಹಾಸಿಗೆಯಲ್ಲಿ ಮಲಗಿದ್ದಂತೆಯೇ ಪೆಡಲ್ ತುಳಿಯುವ ಯಂತ್ರ ಕೊಟ್ಟರು. ಒಂದು ನಿಮಿಷ ತುಳಿ, ಒಂದು ನಿಮಿಷ ಬಿಡು. 1997ರಲ್ಲಿ ಬಂದ ಫಲಿತಾಂಶದ ಪ್ರಕಾರ ತುಳಿದವರು ಶಕ್ತಿ ಕಳೆದುಕೊಂಡದ್ದು ಕಡಿಮೆ, ಮನೆಗೆ ಹೋದದ್ದು ಬೇಗ. ಮಲಗಿದಷ್ಟೂ ಮಾಂಸಖಂಡ ಕರಗುತ್ತದೆ, ಕರಗಿದಷ್ಟೂ ಸುಸ್ತು ಹೆಚ್ಚುತ್ತದೆ, ಸುಸ್ತಾದಷ್ಟೂ ಮಲಗುತ್ತೇವೆ. ವಿಶ್ರಾಂತಿ ಎಂದು ಕೊಡುತ್ತಿದ್ದದ್ದೇ ಸುಸ್ತಿಗೆ ಮೇವಾಗುತ್ತಿತ್ತು.

ಕೈಯ ಪ್ರಶ್ನೆಗೆ ನಿರ್ಣಾಯಕ ಉತ್ತರ ಹುಡುಕಿದವರು ಕ್ಯಾಥ್ರಿನ್ ಶ್ಮಿಟ್ಸ್. ವ್ಯಾಯಾಮ ವಿಜ್ಞಾನಿ, ಮೊದಲು ಮಿನೆಸೋಟಾದಲ್ಲಿ 45 ಹೆಂಗಸರ ಮೇಲೆ ಸಣ್ಣ ಪ್ರಯೋಗ ಮಾಡಿ ಆಮೇಲೆ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಬಂದವರು. ಅವರು ಕೈಗೆತ್ತಿಕೊಂಡದ್ದು ತೂಕ ಎತ್ತುವುದನ್ನೇ. ಈಗಾಗಲೇ ಕೈ ಬಾತಿದ್ದ, ಆದರೆ ಊತ ಏರಿಳಿಯದೆ ನಿಂತಿದ್ದ 141 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಂದು ವರ್ಷ, ವಾರಕ್ಕೆ ಎರಡು ಸಲ ತೂಕ ಎತ್ತುವ ಅಭ್ಯಾಸ. ಇನ್ನೊಂದು ಗುಂಪಿಗೆ ಇದ್ದ ಹಾಗೇ ಇರಿ ಎಂದರು.

ಇದರ ಜಾಣತನವೆಲ್ಲ ವಿವರಗಳಲ್ಲಿದೆ. ಅಭ್ಯಾಸ ನಡೆದದ್ದು ಆಸ್ಪತ್ರೆಯಲ್ಲಲ್ಲ, ಊರವರೆಲ್ಲ ಹೋಗುವ ವೈಎಂಸಿಎ ಜಿಮ್ಮುಗಳಲ್ಲಿ. ಮೊದಲ ಹದಿಮೂರು ವಾರ ತರಬೇತುದಾರರು ಪಕ್ಕದಲ್ಲೇ ನಿಂತು ಕಲಿಸಿದರು. ವ್ಯಾಯಾಮದ ಹೊತ್ತಿನಲ್ಲಿ ಅವರವರ ತೋಳಿನ ಅಳತೆಗೆ ಹೊಲಿಸಿದ ಬಿಗಿ ತೋಳುಚೀಲ ಹಾಕಿಕೊಳ್ಳಲೇಬೇಕು. ಶುರುವಿನಲ್ಲಿ ಕೈಗೆ ಭಾರವೇ ಇಲ್ಲ, ಇದ್ದರೂ ಅತ್ಯಲ್ಪ. ಒಂದು ತೂಕದಲ್ಲಿ ಕೆಲವು ಸರದಿ ಏನೂ ತೊಂದರೆ ಕಾಣದಿದ್ದರೆ ಮಾತ್ರ ಮುಂದಿನದಕ್ಕೆ, ಅದೂ ಜಿಮ್ಮಿನಲ್ಲಿ ಸಿಗುವ ಅತಿ ಸಣ್ಣ ಹೆಚ್ಚಳ. ಕೈ ಭಾರವೆನಿಸಿದರೆ, ಬಿಗಿಯೆನಿಸಿದರೆ ತೋಳಿನ ಕೆಲಸ ನಿಲ್ಲಿಸಿ ತಪಾಸಣೆಗೆ ಕಳಿಸಬೇಕು. ಇಷ್ಟೆಲ್ಲ ಎಚ್ಚರಿಕೆಯ ನಡುವೆ ಒಂದು ಧೈರ್ಯದ ನಿರ್ಧಾರವೂ ಇತ್ತು: ಕೊನೆಗೆ ಎಷ್ಟು ಎತ್ತಬಹುದು ಎಂಬುದಕ್ಕೆ ಮೇಲ್ಮಿತಿ ಇಡಲಿಲ್ಲ. ‘ಎರಡು ಕೆಜಿ’, ‘ಐದು ಕೆಜಿ’ ಎಂಬ ಗಡಿಯನ್ನೇ ಅಳಿಸಿದರು.

ಊತ ಅಳೆದದ್ದು ಆರ್ಕಿಮಿಡೀಸನ ಉಪಾಯದಿಂದ. ತುಂಬಿದ ನೀರಿನ ಕೊಳವೆಯಲ್ಲಿ ತೋಳು ಮುಳುಗಿಸಿದರೆ ಎಷ್ಟು ನೀರು ಹೊರಚೆಲ್ಲುತ್ತದೋ ಅಷ್ಟು ತೋಳಿನ ಗಾತ್ರ. ಎರಡೂ ತೋಳು ಅಳೆದು ವ್ಯತ್ಯಾಸ ನೋಡಿದರೆ ಊತ ಸಿಕ್ಕಿತು. ಅಳೆಯುವವರಿಗೆ ಎದುರಿಗಿರುವ ಹೆಂಗಸು ಯಾವ ಗುಂಪಿನವಳೆಂದು ಗೊತ್ತಿರಲಿಲ್ಲ.

2009ರ ಆಗಸ್ಟಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. ಊತ ಗಣನೀಯವಾಗಿ ಹೆಚ್ಚಿದವರು ತೂಕ ಎತ್ತಿದವರಲ್ಲಿ ನೂರಕ್ಕೆ 11, ಎತ್ತದವರಲ್ಲಿ 12. ಅಂದರೆ ವ್ಯತ್ಯಾಸವಿಲ್ಲ. ಆದರೆ ಚಿಕಿತ್ಸೆ ಬೇಕಾಗುವಷ್ಟು ಊತ ಕೆರಳಿದ ಪ್ರಸಂಗ ನೋಡಿದರೆ ಎತ್ತಿದವರಲ್ಲಿ ನೂರಕ್ಕೆ 14, ಎತ್ತದವರಲ್ಲಿ 29. ಕೆರಳಿಸುತ್ತದೆ ಎಂದು ಹೆದರಿದ್ದ ಕೆಲಸವೇ ಕೆರಳುವುದನ್ನು ಅರ್ಧಕ್ಕೆ ಇಳಿಸಿತ್ತು. ಊತ ಇನ್ನೂ ಬಂದಿರದ 154 ಹೆಂಗಸರ ಮೇಲೆ ಮಾಡಿದ ಇದೇ ಪರೀಕ್ಷೆಯ ಫಲಿತಾಂಶ ಮರುವರ್ಷ ಬಂತು. ಹೊಸದಾಗಿ ಊತ ಬಂದದ್ದು ಎತ್ತಿದವರಲ್ಲಿ ನೂರಕ್ಕೆ 11, ಎತ್ತದವರಲ್ಲಿ 17. ಐದು ಅಥವಾ ಹೆಚ್ಚು ಗ್ರಂಥಿ ಕಳೆದುಕೊಂಡಿದ್ದವರಲ್ಲಿ, ಅಂದರೆ ‘ನೀವಂತೂ ಕೈ ಎತ್ತಲೇಬೇಡಿ’ ಎನಿಸಿಕೊಂಡಿದ್ದವರಲ್ಲಿ, ಈ ಲೆಕ್ಕ 7 ಮತ್ತು 22. 2010ರಲ್ಲಿ ಅಮೆರಿಕದ ಕ್ರೀಡಾವೈದ್ಯಕೀಯ ಕಾಲೇಜು ಕರೆದ ತಜ್ಞರ ಸಭೆ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಸಲಹೆಯ ತಿರುಳು ಇಷ್ಟೇ: ಸುಮ್ಮನೆ ಕೂರಬೇಡಿ.

ಈ ಕತೆಗೆ ಒಂದು ಕಹಿ ಅಧ್ಯಾಯವೂ ಇದೆ, ಅದನ್ನು ಬಿಟ್ಟು ಹೇಳುವುದು ಮೋಸ. ಇದೇ ಶ್ಮಿಟ್ಸ್ ಊತವಿದ್ದ, ತೂಕ ಹೆಚ್ಚಿದ್ದ 351 ಹೆಂಗಸರ ಮೇಲೆ ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ವ್ಯಾಯಾಮ ಮನೆಯಲ್ಲಿ. ಜೊತೆಗೆ ಕೆಲವರಿಗೆ ತೂಕ ಇಳಿಸುವ ಪಥ್ಯ. 2019ರಲ್ಲಿ ಫಲಿತಾಂಶ ನೋಡಿದರೆ ವ್ಯಾಯಾಮದಿಂದಾಗಲಿ, ತೂಕ ಇಳಿಸಿದ್ದರಿಂದಾಗಲಿ, ಎರಡೂ ಸೇರಿದ್ದರಿಂದಾಗಲಿ ಊತ ಸುಧಾರಿಸಿರಲಿಲ್ಲ. ಜಿಮ್ಮಿನಲ್ಲಿ ಕಣ್ಗಾವಲಿನಲ್ಲಿ ಸಿಕ್ಕಿದ್ದು ಮನೆಯಲ್ಲಿ ಸಿಗಲಿಲ್ಲ. ಇದಕ್ಕೆ ಕಾರಣ ಹಲವಿರಬಹುದು. ನನಗಂತೂ, ಪಕ್ಕದಲ್ಲಿ ನಿಂತು ತಿದ್ದುವ ಮನುಷ್ಯರೇ ಆ ಹಳೆಯ ಪ್ರಯೋಗದ ಅರ್ಧ ಔಷಧವಾಗಿದ್ದರು ಎಂದೇ ಅನಿಸುತ್ತದೆ.

ಊತ, ಸುಸ್ತು ಎಲ್ಲ ಸರಿ. ವ್ಯಾಯಾಮದಿಂದ ಆಯಸ್ಸು ಹೆಚ್ಚುತ್ತದೆಯೇ? ಕ್ಯಾನ್ಸರ್ ಮರಳುವುದು ತಪ್ಪುತ್ತದೆಯೇ? ಚಿಕಿತ್ಸೆ ಮುಗಿಸಿದವರು ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಇದೊಂದೇ. ಒಂದು ಮುಖ್ಯ ಸೂಚನೆ 2005ರಲ್ಲಿ ಸಿಕ್ಕಿತು. ಹಾರ್ವರ್ಡಿನ ಮಿಶೆಲ್ ಹೋಮ್ಸ್, ದಶಕಗಳಿಂದ ನಡೆದುಬಂದ ಅಮೆರಿಕದ ನರ್ಸುಗಳ ಆರೋಗ್ಯ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದ 2,987 ಹೆಂಗಸರ ದಾಖಲೆ ತೆಗೆದು ನೋಡಿದರು. ವಾರಕ್ಕೆ ಮೂರರಿಂದ ಐದು ಗಂಟೆ ಸಾಧಾರಣ ವೇಗದಲ್ಲಿ ನಡೆಯುತ್ತಿದ್ದವರಲ್ಲಿ ಸಾವಿನ ಸಂಭವ, ಕದಲದವರಿಗಿಂತ ಬಹಳ ಕಡಿಮೆ. ಮರುವರ್ಷ ಜೆಫ್ರಿ ಮೇಯರ್‌ಹಾರ್ಟ್ ದೊಡ್ಡಕರುಳಿನ ಕ್ಯಾನ್ಸರಿನಲ್ಲೂ ಇಂಥದ್ದನ್ನೇ ಕಂಡರು.

ಕಂಡಿತು ಸರಿ, ನಂಬುವುದು ಹೇಗೆ? ನಡೆದದ್ದರಿಂದ ಬದುಕಿದರೋ, ಬದುಕುವಷ್ಟು ಗಟ್ಟಿಯಾಗಿದ್ದುದರಿಂದ ನಡೆದರೋ? ಕ್ಯಾನ್ಸರ್ ಒಳಗೊಳಗೇ ಮರಳುತ್ತಿರುವವರಿಗೆ ನಡೆಯುವ ಚೈತನ್ಯವೇ ಇರುವುದಿಲ್ಲ. ಇಂಥ ಸೂಚನೆಗಳು ಎಷ್ಟು ಚೆನ್ನಾಗಿ ಕೈಕೊಡುತ್ತವೆ ಎಂಬುದಕ್ಕೆ ಆಹಾರದ ಉದಾಹರಣೆ ಕಣ್ಣೆದುರಿಗಿತ್ತು. ತರಕಾರಿ ಹಣ್ಣು ಹೆಚ್ಚು ತಿಂದರೆ ಸ್ತನ ಕ್ಯಾನ್ಸರ್ ಮರಳುವುದಿಲ್ಲ ಎಂಬ ಆಸೆಯಿಂದ ಕ್ಯಾಲಿಫೋರ್ನಿಯಾದ ಜಾನ್ ಪಿಯರ್ಸ್ ತಂಡ 3,088 ಹೆಂಗಸರನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತು. ಅರ್ಧದಷ್ಟು ಜನ ದಿನವೂ ರಾಶಿ ತರಕಾರಿ, ದೊಡ್ಡ ಲೋಟದ ತುಂಬ ತರಕಾರಿ ರಸ, ಹಣ್ಣು, ನಾರು, ಕಡಿಮೆ ಕೊಬ್ಬು ಎಂದು ನಿಷ್ಠೆಯಿಂದ ಪಥ್ಯ ಮಾಡಿದರು. 2007ರಲ್ಲಿ ಲೆಕ್ಕ ಹಾಕಿದಾಗ ಕ್ಯಾನ್ಸರ್ ಕಾಣಿಸಿಕೊಂಡದ್ದು ಪಥ್ಯದವರಲ್ಲಿ ನೂರಕ್ಕೆ 16.7, ಉಳಿದವರಲ್ಲಿ 16.9. ಏಳು ವರ್ಷದ ರಸಕ್ಕೆ ಇಷ್ಟೇ ಬೆಲೆ! ತರಕಾರಿ ತಿನ್ನಬೇಡಿ ಎಂದಲ್ಲ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಅದು ಬೇಕೇ ಬೇಕು. ಆದರೆ ಕ್ಯಾನ್ಸರ್ ಮರಳದಂತೆ ತಡೆಯುವ ಜ್ಯೂಸು, ಪುಡಿ, ಕಷಾಯ ಎಂದು ನಮ್ಮ ವಾಟ್ಸಾಪಿಗೆ ದಿನವೂ ಬಂದು ಬೀಳುವ ಸಲಹೆಗಳ ಮುಂದೆ ಈ ಎರಡು ಸಂಖ್ಯೆ ಇಟ್ಟು ನೋಡಬೇಕು.

ಹಾಗಾಗಿ ವ್ಯಾಯಾಮಕ್ಕೂ ಅದೇ ಅಗ್ನಿಪರೀಕ್ಷೆ ಬೇಕಿತ್ತು. ಕೆನಡಾದ ಎಡ್ಮಂಟನ್ನಿನ ಕೆರಿ ಕೋರ್ನಿಯಾ, ಕಿಂಗ್‌ಸ್ಟನ್ನಿನ ಕ್ರಿಸ್ಟೋಫರ್ ಬೂತ್, ಆಸ್ಟ್ರೇಲಿಯಾದ ಜಾನೆಟ್ ವಾರ್ಡಿ ಮತ್ತು ಸಂಗಡಿಗರು 2009ರಲ್ಲಿ ‘ಚಾಲೆಂಜ್’ ಎಂಬ ಪ್ರಯೋಗ ಶುರು ಮಾಡಿದರು. ದೊಡ್ಡಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಮುಗಿಸಿದವರೇ ಇದರ ಅಭ್ಯರ್ಥಿಗಳು. ಜನ ಸೇರಿಸುವುದೇ ಹರಸಾಹಸವಾಯಿತು. ಮಾತ್ರೆಯ ಪ್ರಯೋಗಕ್ಕೆ ಕಂಪನಿ ದುಡ್ಡು ಹಾಕುತ್ತದೆ, ನಡಿಗೆಗೆ ಯಾವ ಕಂಪನಿ ಹಾಕೀತು? ಆರು ದೇಶಗಳ 55 ಕೇಂದ್ರಗಳಲ್ಲಿ 889 ಜನರನ್ನು ಕೂಡಿಸಲು ಸುಮಾರು ಹದಿನೈದು ವರ್ಷ ಹಿಡಿಯಿತು.

ಅರ್ಧ ಜನಕ್ಕೆ ವ್ಯಾಯಾಮ ಮತ್ತು ಆಹಾರದ ಬಗ್ಗೆ ಒಳ್ಳೆಯ ಕೈಪಿಡಿ ಕೊಟ್ಟರು. ಉಳಿದ ಅರ್ಧಕ್ಕೆ ಕೈಪಿಡಿಯ ಜೊತೆಗೆ ಒಬ್ಬ ಮನುಷ್ಯನನ್ನೂ ಕೊಟ್ಟರು, ಮೂರು ವರ್ಷ. ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ ಎದುರಾಬದುರು ಕೂತು ಮಾತು, ಜೊತೆಯಲ್ಲೇ ವ್ಯಾಯಾಮ, ಬರಬರುತ್ತ ತಿಂಗಳಿಗೊಮ್ಮೆ. ಏನು ಇಷ್ಟ, ಏನು ಅಡ್ಡಿ, ಮಳೆ ಬಂದರೆ ಏನು ಮಾಡುತ್ತೀರಿ, ಇಂಥ ವಿಚಾರಣೆ. ಗುರಿ ದೊಡ್ಡದೇನಲ್ಲ: ಈಗ ಮಾಡುತ್ತಿರುವುದಕ್ಕೆ ಹೆಚ್ಚುವರಿಯಾಗಿ ವಾರಕ್ಕೆ ಮೂರು ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಿನ ನಡಿಗೆ, ಅಥವಾ ಅದಕ್ಕೆ ಸಮನಾದ ಏನಾದರೂ.

2025ರ ಜೂನ್ 1ರಂದು ಷಿಕಾಗೋದ ಕ್ಯಾನ್ಸರ್ ತಜ್ಞರ ಮಹಾಸಭೆಯಲ್ಲಿ ಬೂತ್ ಫಲಿತಾಂಶ ಓದಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಐದು ವರ್ಷದ ಕೊನೆಗೆ ಕ್ಯಾನ್ಸರ್ ಇಲ್ಲದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 80.3, ಕೈಪಿಡಿಯ ಗುಂಪಿನಲ್ಲಿ 73.9. ಎಂಟು ವರ್ಷದ ಕೊನೆಗೆ ಬದುಕಿದ್ದವರು 90.3, 83.2. ಇಷ್ಟು ಲಾಭ ಕೊಡುವ ಮಾತ್ರೆ ಬಂದಿದ್ದರೆ ಅದರ ಬೆಲೆ ತಿಂಗಳಿಗೆ ಲಕ್ಷ ದಾಟುತ್ತಿತ್ತು. ಇನ್ನೊಂದು ಸಂಗತಿ ನನಗೆ ವಿಶೇಷ ಎನಿಸಿದ್ದು: ಈ ಜನರ ತೂಕವಾಗಲಿ ಸೊಂಟದ ಸುತ್ತಳತೆಯಾಗಲಿ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಸಣ್ಣಗಾದರೆ ತಾನೇ ಲಾಭ ಎಂದುಕೊಂಡವರು ಗಮನಿಸಬೇಕು. ಅಡ್ಡ ಪರಿಣಾಮವೂ ಇತ್ತು. ಮೂಳೆ ಸ್ನಾಯುಗಳ ನೋವು ವ್ಯಾಯಾಮದವರಲ್ಲಿ ನೂರಕ್ಕೆ 18.5, ಉಳಿದವರಲ್ಲಿ 11.5.

ಕರ್ನಾಟಕಕ್ಕೂ ಈ ಕತೆಯಲ್ಲಿ ಒಂದು ಪಾತ್ರವಿದೆ. ಬೆಂಗಳೂರಿನಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಎಚ್.ಆರ್. ನಾಗೇಂದ್ರ, ಆರ್. ನಾಗರತ್ನ ಮತ್ತು ಸಂಗಡಿಗರು ಕೀಮೋ ತೆಗೆದುಕೊಳ್ಳುತ್ತಿದ್ದ 62 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ಪ್ರಯೋಗ ಮಾಡಿ, ವಾಕರಿಕೆ ತಗ್ಗಿದ್ದನ್ನು 2007ರಲ್ಲಿ ಪ್ರಕಟಿಸಿದರು. ಹ್ಯೂಸ್ಟನ್ನಿನ ಎಂಡಿ ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಇವರೊಡನೆ ಸೇರಿ ರೇಡಿಯೇಷನ್ ಪಡೆಯುತ್ತಿದ್ದವರ ಮೇಲೆ ನಡೆಸಿದ ಪ್ರಯೋಗ 2014ರಲ್ಲಿ ಬಂತು. ಅದರಲ್ಲಿ ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಬರೀ ಮೈ ಎಳೆದು ಸಡಿಲಿಸುವ ವ್ಯಾಯಾಮ, ಮೂರನೆಯದಕ್ಕೆ ಏನೂ ಇಲ್ಲ. ಸುಸ್ತು ಯೋಗದಿಂದಲೂ ತಗ್ಗಿತು, ಬರೀ ಮೈ ಸಡಿಲಿಸಿದ್ದರಿಂದಲೂ ತಗ್ಗಿತು. ದಿನದ ಕೆಲಸ ಮಾಡಿಕೊಳ್ಳುವ ಶಕ್ತಿಯಲ್ಲಿ, ಒತ್ತಡದ ಹಾರ್ಮೋನಿನ ಏರಿಳಿತದಲ್ಲಿ ಯೋಗದವರು ಮುಂದಿದ್ದರು. ಯೋಗದ ಬಗ್ಗೆ ಅತಿ ಹೇಳುವವರೂ ಅಲ್ಲಗಳೆಯುವವರೂ ಇಬ್ಬರೂ ಓದಬೇಕಾದ ಪ್ರಬಂಧ ಅದು.

ಇವತ್ತಿನ ಅಂತಾರಾಷ್ಟ್ರೀಯ ಮಾರ್ಗಸೂಚಿ ಸರಳ: ವಾರಕ್ಕೆ ಮೂರು ಸಲ ಅರ್ಧ ಗಂಟೆಯಷ್ಟು ಉಸಿರು ಏರುವ ನಡಿಗೆ ಅಥವಾ ಸೈಕಲ್, ವಾರಕ್ಕೆ ಎರಡು ಸಲ ಮಾಂಸಖಂಡಕ್ಕೆ ಭಾರದ ಕೆಲಸ. ಸುಸ್ತು, ಆತಂಕ, ಖಿನ್ನತೆ, ದಿನದ ಕೆಲಸದ ತ್ರಾಣ, ಇವಕ್ಕೆಲ್ಲ ಇದರಿಂದ ಪ್ರಯೋಜನವಿದೆ ಎಂದು 2019ರಲ್ಲಿ ತಜ್ಞರು ಬರೆದರು. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ, ಹೃದಯಕ್ಕೆ ತಾಗುವ ಔಷಧ ಪಡೆದಿದ್ದರೆ, ಕೀಮೋದಿಂದ ಪಾದ ಜೋಮು ಹಿಡಿದಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡುವಂತಿಲ್ಲ. ಕೈ ಊತವಿದ್ದವರು ನಾಳೆಯೇ ತುಂಬಿದ ಕೊಡ ಎತ್ತುವಂತೆಯೂ ಇಲ್ಲ. ಫಿಲಡೆಲ್ಫಿಯಾದವರು ಶುರು ಮಾಡಿದ್ದು ಹೆಚ್ಚುಕಡಿಮೆ ಬರಿಗೈಯಲ್ಲಿ.

ನಮ್ಮ ಡಿಸ್ಚಾರ್ಜ್ ಚೀಟಿಗಳಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಮುಂದಿನ ಸ್ಕ್ಯಾನಿನ ತಾರೀಖು ಎಲ್ಲ ಇರುತ್ತದೆ. ವ್ಯಾಯಾಮದ ಸಾಲಿಗೆ ಬಂದರೆ ‘ವಾಕಿಂಗ್ ಮಾಡಿ’ ಎಂಬ ಎರಡು ಪದ, ಕೆಲವು ಸಲ ಅದೂ ಇಲ್ಲ. ಕೈಪಿಡಿ ಸಿಕ್ಕವರಿಗೂ ಮನುಷ್ಯ ಸಿಕ್ಕವರಿಗೂ ಎಂಟು ವರ್ಷದಲ್ಲಿ ನೂರಕ್ಕೆ ಏಳು ಜೀವಗಳ ಅಂತರ ಎಂದು ಈಗ ಲೆಕ್ಕ ಸಿಕ್ಕಿರುವಾಗ, ಕ್ಯಾನ್ಸರ್ ವಿಭಾಗವಿರುವ ಪ್ರತಿ ಆಸ್ಪತ್ರೆಯೂ ಒಬ್ಬ ಫಿಸಿಯೋಥೆರಪಿಸ್ಟನ್ನು ಈ ಕೆಲಸಕ್ಕೇ ಇಟ್ಟುಕೊಳ್ಳುವುದು ದುಂದಲ್ಲ. ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಯಾರದಾದರೂ ಚಿಕಿತ್ಸೆ ಮುಗಿಯುತ್ತಿದ್ದರೆ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ಯಾವ ವ್ಯಾಯಾಮ, ವಾರಕ್ಕೆ ಎಷ್ಟು, ಪಕ್ಕದಲ್ಲಿ ನಿಂತು ನೋಡುವವರು ಯಾರು?